ನರಕದಲ್ಲೂ ಆಳು ಬೇಕೆಂದವನು

1

ಕಾವ್ಯ, ಪುರಾಣ, ಜಾನಪದ, ಇತಿಹಾಸ ಎಲ್ಲವನ್ನೂ ದಲಿತ ವಿಮರ್ಶೆ ತಡಕಿ ನೋಡಿದೆ. ಯಾರ ಬೆವರು ಯಾವ ಸಾಲಿನ ಅಡಿಯಲ್ಲಿ ಮುಚ್ಚಿಹೋಗಿದೆ ಅಂತ ತೋರಿಸಿದೆ. ಆದರೆ ಹೆಣದ ಮುಂದೆ ಓದುವ ಮಾತುಗಳನ್ನು ಮಾತ್ರ ನಾವು ಸಾಮಾನ್ಯವಾಗಿ ಮುಟ್ಟೋದಿಲ್ಲ. ಅಳುವ ಮನೆಯಲ್ಲಿ ಪ್ರಶ್ನೆ ಕೇಳೋದು ಒರಟುತನ ಅನ್ನಿಸುತ್ತೆ. ಹೀಗಾಗಿ ಸಾವು ಮತ್ತು ಸಾವಿನಾಚೆಯ ಲೋಕದ ವ್ಯಾಖ್ಯಾನವನ್ನು ಪುರೋಹಿತರ ಕೈಗೆ ಬಿಟ್ಟುಕೊಟ್ಟು ಸುಮ್ಮನಾಗಿದ್ದೇವೆ. ಆ ಪುರೋಹಿತ ಜನಿವಾರ ಹಾಕಿರಲಿ, ಬಿಳಿ ನಿಲುವಂಗಿ ತೊಟ್ಟಿರಲಿ, ಬಿಟ್ಟುಕೊಟ್ಟದ್ದಂತೂ ನಿಜ.

ಯಲಹಂಕ, ಹೆಬ್ಬಾಳ, ಯಶವಂತಪುರದ ಕಡೆ ದಲಿತ ಕ್ರೈಸ್ತರ ಮನೆಗಳಲ್ಲಿ ಸಾವಾದಾಗ ಹೋಗಿ ಕೂತು ಕೇಳಿದ ಪ್ರಸಂಗಗಳಲ್ಲಿ ನನಗೆ ಮತ್ತೆ ಮತ್ತೆ ಎದುರಾದ ಕತೆ ಲೂಕನ ಸುವಾರ್ತೆಯ 16ನೇ ಅಧ್ಯಾಯದ ಧನಿಕ ಮತ್ತು ಲಾಜರನ ಕತೆ. ಇಂಥ ಕತೆಯನ್ನು ಪ್ರಾಟೆಸ್ಟೆಂಟರು ಸಾಮ್ಯ ಅಂತಾರೆ, ಕಥೋಲಿಕರು ಸಾಮತಿ ಅಂತಾರೆ. ಕತೆ ಸಣ್ಣದು. ಬೆಲೆಬಾಳುವ ಬಟ್ಟೆ ಉಟ್ಟು ದಿನಾ ಹಬ್ಬದೂಟ ಮಾಡುವ ಒಬ್ಬ ಧನಿಕ. ಅವನ ಬಾಗಿಲಲ್ಲಿ ಮೈತುಂಬ ಹುಣ್ಣಾಗಿ ಬಿದ್ದಿರುವ ಲಾಜರ. ಒಳಗಿನ ಎಂಜಲ ಚೂರಿಗೂ ಕಾಯುವ ಅವನ ಹುಣ್ಣನ್ನು ನಾಯಿಗಳು ಬಂದು ನೆಕ್ಕುತ್ತವೆ. ಇಬ್ಬರೂ ಸಾಯ್ತಾರೆ. ಲಾಜರ ಅಬ್ರಹಾಮನ ಎದೆ ಸೇರ್ತಾನೆ, ಧನಿಕ ಪಾತಾಳದ ಉರಿಯಲ್ಲಿ ಬೀಳ್ತಾನೆ. ಬೆರಳು ನೀರಲ್ಲಿ ಅದ್ದಿ ನನ್ನ ನಾಲಿಗೆ ತಂಪು ಮಾಡೋಕೆ ಲಾಜರನನ್ನ ಕಳಿಸು ಅಂತ ಅವನು ಅಬ್ರಹಾಮನನ್ನ ಕೇಳ್ತಾನೆ. ನಡುವೆ ದಾಟಲಾಗದ ಕಂದಕ ಇದೆ ಅನ್ನುವ ಉತ್ತರ ಬರುತ್ತೆ. ಹಾಗಾದರೆ ಊರಲ್ಲಿರುವ ನನ್ನ ಐದು ಜನ ಅಣ್ಣತಮ್ಮಂದಿರನ್ನು ಎಚ್ಚರಿಸೋಕಾದರೂ ಕಳಿಸು ಅಂತಾನೆ. ಅವರ ಹತ್ತಿರ ಧರ್ಮಶಾಸ್ತ್ರ ಇದೆ, ಪ್ರವಾದಿಗಳ ಮಾತಿದೆ. ಅದನ್ನು ಕೇಳದವರು ಸತ್ತವನು ಎದ್ದು ಬಂದರೂ ಕೇಳೋದಿಲ್ಲ ಎಂದು ಅಬ್ರಹಾಮ ಮಾತು ಮುಗಿಸ್ತಾನೆ.

ಈ ಕತೆಯಿಂದ ಪ್ರಸಂಗ ಮಾಡುವವರು ತೆಗೆಯುವ ನೀತಿ ಎಲ್ಲರಿಗೂ ಗೊತ್ತು. ಇಲ್ಲಿ ಕಷ್ಟ ಸಹಿಸಿದವನಿಗೆ ಅಲ್ಲಿ ಸುಖ. ಲಾಜರ ತಾಳ್ಮೆಯಿಂದಿದ್ದ, ಗೊಣಗಲಿಲ್ಲ, ದೇವರನ್ನು ನಂಬಿದ್ದ, ಅದಕ್ಕೇ ಸ್ವರ್ಗ ಸಿಕ್ಕಿತು. ನನ್ನ ತಕರಾರು ಇಲ್ಲಿಂದಲೇ ಶುರು. ಲಾಜರ ತಾಳ್ಮೆಯಿಂದಿದ್ದ ಅಂತ ಲೂಕ ಎಲ್ಲೂ ಬರೆದಿಲ್ಲ. ಅವನ ಭಕ್ತಿಯ ಬಗ್ಗೆ ಒಂದು ಪದ ಇಲ್ಲ. ಧನಿಕ ಅವನನ್ನು ಹೊಡೆದ, ಬೈದ ಅಂತಲೂ ಇಲ್ಲ. ಒಬ್ಬ ಒಳಗಿದ್ದ, ಒಬ್ಬ ಹೊರಗಿದ್ದ, ನಡುವೆ ಬಾಗಿಲು ಇತ್ತು. ಪಠ್ಯ ಕೊಡುವ ಆರೋಪಪಟ್ಟಿ ಅಷ್ಟೇ.

2

ತಾಳ್ಮೆಯನ್ನು ಹೊರಗಿನಿಂದ ತಂದು ತುರುಕಿದಾಗ ಏನಾಗುತ್ತೆ ಅಂತ ನೋಡಬೇಕು. ಸ್ವರ್ಗ ಆಗ ಕೂಲಿಯಾಗುತ್ತೆ. ನಮ್ಮ ನೆಲಕ್ಕೆ ಇದು ಹೊಸದಲ್ಲ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಎಂಟನೇ ಶತಮಾನದ್ದು. ಬೆಂಗಳೂರಿನ ಅತಿ ಹಳೆಯ ಕನ್ನಡ ಬರಹಗಳಲ್ಲಿ ಒಂದು. ಈ ಭಾಗದ ಅಷ್ಟು ಹಳೆಯ ಅಕ್ಷರವೇ ಸತ್ತವನೊಬ್ಬನ ಬಗ್ಗೆ ಮಾತಾಡುತ್ತೆ ಅನ್ನೋದು ಗಮನಿಸಬೇಕಾದ ಸಂಗತಿ. ನಾಡಿನ ಬೇರೆ ಕಡೆಯ ಎಷ್ಟೋ ವೀರಗಲ್ಲುಗಳಲ್ಲಿ ಮೂರು ಹಂತ ಇರುತ್ತೆ. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ದೇವಲೋಕ. ಊರಿಗಾಗಿ, ತುರುವಿಗಾಗಿ, ಒಡೆಯನಿಗಾಗಿ ಸತ್ತವನಿಗೆ ಕಲ್ಲು, ಕಲ್ಲಿನ ಮೇಲೆ ಸ್ವರ್ಗ. ಹೊತ್ತೊಯ್ಯುವವರು ಲಾಜರನ ಕತೆಯಲ್ಲೂ ಇದ್ದಾರೆ, ಅಲ್ಲಿ ದೇವದೂತರು. ಆದರೆ ಎರಡಕ್ಕೂ ಒಂದು ದೊಡ್ಡ ಫರಕು ಇದೆ. ಲಾಜರ ಯಾವ ಒಡೆಯನಿಗೂ ದುಡಿದು ಸತ್ತವನಲ್ಲ. ಅವನಿಂದ ಯಾರಿಗೂ ಮೂರು ಕಾಸಿನ ಉಪಯೋಗ ಇರಲಿಲ್ಲ. ಅಂಥವನನ್ನು ಎತ್ತಿಕೊಂಡು ಹೋದದ್ದೇ ಈ ಕತೆಯ ಗುದ್ದು. ಅವನಿಗೆ ತಾಳ್ಮೆಯ ಬಿರುದು ಕಟ್ಟಿ, ಇದು ಅವನು ದುಡಿದ ಕೂಲಿ ಅನ್ನುವ ಪ್ರಸಂಗ ಆ ಗುದ್ದನ್ನೇ ಸವರಿ ಮೆತ್ತಗೆ ಮಾಡುತ್ತೆ.

ಕರ್ಮದ ಲೆಕ್ಕವೂ ಇಲ್ಲಿ ನಡೆಯೋದಿಲ್ಲ. ಲಾಜರನ ಹುಣ್ಣಿಗೆ ಕತೆ ಯಾವ ಕಾರಣವನ್ನೂ ಕೊಡೋದಿಲ್ಲ. ಹಿಂದಿನ ಜನ್ಮ ಇಲ್ಲ, ಅಪ್ಪನ ಪಾಪ ಇಲ್ಲ. ಹುಟ್ಟಿಗೆ ಕಾರಣ ಹೇಳಿ ಹೇಳಿ ನಮ್ಮನ್ನು ಹೊರಗೆ ಕೂರಿಸಿದ ದೇಶದಲ್ಲಿ, ಕಾರಣ ಕೊಡದ ಕತೆ ಒಂದು ದೊಡ್ಡ ಬಿಡುಗಡೆ. ಮತ್ತಾಯನ 25ನೇ ಅಧ್ಯಾಯದ ಕುರಿ-ಆಡುಗಳ ತೀರ್ಪಿನ ಕತೆಯೂ ಇದೇ ಜಾಡಿನದು. ಅಲ್ಲಿ ಕೊನೆಯ ದಿನದ ವಿಚಾರಣೆಯಲ್ಲಿ ನಂಬಿಕೆಯ ಪ್ರಶ್ನೆ ಬರೋದಿಲ್ಲ. ಅನ್ನ, ನೀರು, ಬಟ್ಟೆ, ಕಾಯಿಲೆ, ಜೈಲು, ಇವುಗಳ ಪ್ರಶ್ನೆ ಬರುತ್ತೆ.

3

ಇನ್ನು ಹೆಸರಿನ ವಿಚಾರ. ಯೇಸು ಹೇಳಿದ ಸಾಮ್ಯಗಳಲ್ಲಿ ಪಾತ್ರಕ್ಕೆ ಹೆಸರಿಟ್ಟದ್ದು ಇದೊಂದರಲ್ಲೇ, ಅದೂ ಬಾಗಿಲಾಚೆ ಬಿದ್ದವನಿಗೆ. ಧನಿಕನಿಗೆ ಹೆಸರಿಲ್ಲ. ಮುಂದೆ ಪಶ್ಚಿಮದ ಸಭೆಯ ಸಂಪ್ರದಾಯ ಇದನ್ನು ಸಹಿಸಲಾರದೆ ಅವನನ್ನು ಡೈವ್ಸ್ ಅಂತ ಕರೆಯಿತು. ಲ್ಯಾಟಿನ್‌ನಲ್ಲಿ ಅದರ ಅರ್ಥ ಸಾಹುಕಾರ ಅಂತ, ಅಷ್ಟೇ. ಸಾಹುಕಾರನಿಗೆ ಹೆಸರಿಲ್ಲದ ಕತೆ ಓದುಗರಿಗೆ ಎಷ್ಟು ಕಸಿವಿಸಿ ಮಾಡುತ್ತೆ ನೋಡಿ.

ಆದರೆ ಧನಿಕನಿಗೆ ಲಾಜರನ ಹೆಸರು ಗೊತ್ತಿತ್ತು. ಉರಿಯೊಳಗಿಂದ ಹೆಸರು ಹಿಡಿದೇ ಕರೀತಾನೆ. ಅಂದರೆ ಬಾಗಿಲಲ್ಲಿ ಬಿದ್ದವನು ಯಾರು ಅಂತ ದಿನಾ ತಿಳಿದೇ ಒಳಗೆ ಹೋಗ್ತಿದ್ದ. ನೋಡಿರಲಿಲ್ಲ, ಗೊತ್ತಿರಲಿಲ್ಲ ಅನ್ನುವ ನೆವ ಇಲ್ಲಿಗೆ ಮುಗೀತು.

ಈಗ ಆ ನೀರಿನ ಬೆರಳಿಗೆ ಬರೋಣ. ಬದುಕಿದ್ದಾಗ ನಾಯಿ ಬಿಟ್ಟು ಬೇರೆ ಯಾರೂ ಲಾಜರನನ್ನು ಮುಟ್ಟಿದ ಸುಳಿವು ಕತೆಯಲ್ಲಿಲ್ಲ. ಅಂಥವನ ಬೆರಳಿನಿಂದ ಈಗ ನಾಲಿಗೆಗೆ ನೀರು ಬೇಕು. 1927ರ ಮಾರ್ಚ್ 20ರಂದು ಮಹಾಡಿನ ಚವದಾರ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಎತ್ತಿದ ನಂತರ ಸವರ್ಣರು ಗೋಮೂತ್ರ, ಸಗಣಿ ಹಾಕಿ ಆ ಕೆರೆಯನ್ನು ಶುದ್ಧಿ ಮಾಡಿದರು. ನಮ್ಮ ಬೆರಳು ತಾಗಿದ ನೀರು ಮೈಲಿಗೆ ಅನ್ನುವ ಸಮಾಜದಲ್ಲಿ ನಿಂತು ಓದಿದರೆ ಧನಿಕನ ಕೋರಿಕೆ ಪಶ್ಚಾತ್ತಾಪದ ಹಾಗೆ ಕಾಣಬಹುದು: ಉರಿಯಲ್ಲಿ ಬಿದ್ದ ಮೇಲಾದರೂ ಮೈಲಿಗೆ ಹೋಯಿತಲ್ಲ ಅಂತ. ನಾನು ಹಾಗೆ ಓದೋದಿಲ್ಲ. ಅವನು ಲಾಜರನ ಜೊತೆ ಒಂದು ಮಾತೂ ಆಡಿಲ್ಲ. ಎದುರಿಗೇ ಇರುವವನನ್ನು ಬಿಟ್ಟು ಅಬ್ರಹಾಮನಿಗೆ ಹೇಳ್ತಾನೆ: ಅವನನ್ನ ಕಳಿಸು. ಮೊದಲು ನೀರು ತರೋಕೆ, ಆಮೇಲೆ ಮನೆಗೆ ಸುದ್ದಿ ಮುಟ್ಟಿಸೋಕೆ. ಒಂದು ನೀರಾಳಿನ ಕೆಲಸ, ಇನ್ನೊಂದು ಓಲೆಕಾರನ ಕೆಲಸ. ಸಾವಿನ ಸುದ್ದಿ ಹೊತ್ತು ಊರಿಂದೂರಿಗೆ ನಡೆದ ಹೊಲೆಯರ, ಮಾದಿಗರ ಮಕ್ಕಳಿಗೆ ಈ ಆಜ್ಞೆಯ ದನಿ ಎಲ್ಲಿಯದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಬಟ್ಟೆ ಹೋಯ್ತು, ಊಟ ಹೋಯ್ತು, ಮೈ ಬೇಯ್ತಾ ಇದೆ, ಯಜಮಾನಿಕೆ ಮಾತ್ರ ಕೂದಲೂ ಕೊಂಕಿಲ್ಲ. ನರಕದಲ್ಲೂ ಅವನಿಗೆ ಆಳು ಬೇಕು.

ಲೂಕನ 12ನೇ ಅಧ್ಯಾಯದ ದಡ್ಡ ಸಾಹುಕಾರನನ್ನು ಇವನ ಪಕ್ಕದಲ್ಲಿ ಇಟ್ಟು ನೋಡಿ. ಬೆಳೆ ಹೆಚ್ಚಾಗಿದೆ, ಕಣಜ ಕೆಡವಿ ದೊಡ್ಡದು ಕಟ್ಟಿಸ್ತೀನಿ ಅಂತ ಅವನು ತನ್ನೊಂದಿಗೆ ತಾನೇ ಮಾತಾಡಿಕೊಳ್ತಾನೆ. ಆ ರಾತ್ರಿಯೇ ಸಾಯ್ತಾನೆ. ಕುಯ್ದವರು, ಬಡಿದವರು, ಹೊತ್ತವರು ಆ ಕತೆಯಲ್ಲೇ ಇಲ್ಲ, ಯಾಕೆಂದರೆ ಅವನ ತಲೆಯಲ್ಲೂ ಅವರು ಇಲ್ಲ. ಒಬ್ಬನಿಗೆ ಕೂಲಿಯವರು ಕಾಣೋದೇ ಇಲ್ಲ, ಇನ್ನೊಬ್ಬನಿಗೆ ಕಾಣ್ತಾರೆ, ಆಳಾಗಿ ಮಾತ್ರ.

4

ಪ್ರಸಂಗಗಳು ಎಷ್ಟೋ ಸಲ ದಾಟಿಹೋಗುವ ಇನ್ನೊಂದು ಸಣ್ಣ ವಿವರ ಇದೆ. ಧನಿಕ ಸತ್ತಾಗ ಅವನನ್ನು ಹೂಳಿದರು ಅಂತ ಲೂಕ ಬರೀತಾನೆ. ಲಾಜರನನ್ನು ಹೂಳಿದ ಮಾತೇ ಇಲ್ಲ. ದೇವದೂತರು ಒಯ್ದರು ಅನ್ನೋದು ಚಂದವಾಗೇ ಇದೆ, ಆದರೆ ಹೆಣಕ್ಕೆ ಆರಡಿ ಮೂರಡಿ ಜಾಗ ಸಿಕ್ಕಿತಾ ಅನ್ನೋದು ನಮ್ಮ ಕೇರಿಯ ಪ್ರಶ್ನೆ. ಈ ರಾಜ್ಯದಲ್ಲಿ ಸ್ಮಶಾನ ಇಲ್ಲದ ಊರುಗಳಿಗೆ ಜಾಗ ಒದಗಿಸಿ ಅಂತ ಹೈಕೋರ್ಟು 2019ರಲ್ಲಿ ಸರ್ಕಾರಕ್ಕೆ ಹೇಳಬೇಕಾಯಿತು. 2021ರ ಏಪ್ರಿಲ್-ಮೇ ತಿಂಗಳಲ್ಲಿ ಯಲಹಂಕದ ಮೇಡಿ ಅಗ್ರಹಾರದ ಚಿತಾಗಾರದ ಮುಂದೆ ಕೋವಿಡ್ ಹೆಣಗಳನ್ನು ಹೊತ್ತ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತಿದ್ದವು. ಮನೆಯವರೇ ಮುಟ್ಟಲು ಹೆದರಿದ ಹೆಣಗಳನ್ನು ಈ ನಗರದಲ್ಲಿ ಎತ್ತಿದ, ಸುಟ್ಟ, ಹೂಳಿದ ಕೈಗಳು ಬಹುಪಾಲು ದಲಿತರವು. ಊರಿನ ಕೊನೆಯ ಕೆಲಸ ಮಾಡುವವನಿಗೆ ತನ್ನ ಕೊನೆಯ ಜಾಗದ ಖಾತ್ರಿ ಇಲ್ಲ. ಲೂಕನ ಮೌನವನ್ನು ನಾವು ಇಲ್ಲಿ ನಿಂತು ಓದಬೇಕು.

ಚರ್ಚಿನೊಳಗಿನ ಮಣ್ಣೂ ಬೇರೆಯಲ್ಲ. ತಿರುಚಿರಾಪಳ್ಳಿಯ ಮೇಲಪುದೂರಿನ ಕಥೋಲಿಕ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರೆ ಮಾಡುವ ಗೋಡೆಯ ವಿರುದ್ಧ ದಲಿತ ಕ್ರೈಸ್ತರು ಹೋರಾಡಬೇಕಾಯಿತು. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಬಿಷಪರ ಮಂಡಳಿ ಹೊರಡಿಸಿದ ದಲಿತ ಸಬಲೀಕರಣದ ಧೋರಣೆ, ಸಭೆಯೊಳಗೆ ಅಸ್ಪೃಶ್ಯತೆ ಇದೆ ಅಂತ ಒಪ್ಪಿಕೊಂಡಿತು. ಅದಕ್ಕೂ 35 ವರ್ಷ ಮೊದಲೇ, 1981ರ ಏಪ್ರಿಲಿನಲ್ಲಿ, ನಮ್ಮ ಬೆನ್ಸನ್ ಟೌನಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವಶಾಸ್ತ್ರದ ಕಡೆಗೆ ಅನ್ನುವ ಉಪನ್ಯಾಸ ಕೊಟ್ಟಿದ್ದರು. ದಲಿತ ದೇವಶಾಸ್ತ್ರ ಅಂತ ಆಮೇಲೆ ಬೆಳೆದದ್ದಕ್ಕೆ ಅದೊಂದು ಮೊದಲ ಮೆಟ್ಟಿಲು. ಆರ್.ಟಿ. ನಗರದಿಂದ ಕೂಗಳತೆಯ ಆ ಮಾತು ಯಲಹಂಕದ ಸ್ಮಶಾನಗಳ ಪ್ರಸಂಗಕ್ಕೆ ಇನ್ನೂ ತಲುಪಿಲ್ಲ ಅನ್ನೋದು ನನ್ನ ದೂರು.

5

ಕಂದಕದ ವಿಚಾರಕ್ಕೆ ಬರ್ತೀನಿ. ನನ್ನ ಪ್ರಕಾರ ಈ ಸಾಮ್ಯವನ್ನು ಪ್ರಸಂಗ ಮಾಡುವವರಿಗಿಂತ ತಪ್ಪಾಗಿ ಓದಿರೋದು ಭಾರತ ಸರ್ಕಾರ. 1950ರ ಆಗಸ್ಟ್ 10ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೇ ಕಂಡಿಕೆ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಅಂದಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಒಳಗೆ ಬಿಟ್ಟರು. ಕ್ರೈಸ್ತ, ಮುಸ್ಲಿಂ ದಲಿತರನ್ನು ಹೊರಗೇ ಇಟ್ಟರು. ಈ ಕಂಡಿಕೆಯ ಹಿಂದಿನ ನಂಬಿಕೆ ಏನು? ಜ್ಞಾನಸ್ನಾನದ ನೀರು ಬಿದ್ದ ಕ್ಷಣ ಲಾಜರ ಕಂದಕ ದಾಟಿ ಅಬ್ರಹಾಮನ ಎದೆ ಸೇರಿಬಿಟ್ಟ, ಅವನಿಗಿನ್ನು ಜಾತಿ ಇಲ್ಲ ಅಂತ. ಕಾನೂನು ಮತಾಂತರವನ್ನು ಒಂದು ಸಾವು ಅಂತ ತಿಳಿದಿದೆ.

ನಮ್ಮ ಕೋಲಾರ ಚಿನ್ನದ ಗಣಿಯ ಮೊಕದ್ದಮೆ ಇದಕ್ಕೆ ಸಾಕ್ಷಿ. 1967ರಲ್ಲಿ ಕೆ.ಜಿ.ಎಫ್. ಮೀಸಲು ಕ್ಷೇತ್ರದಿಂದ ಗೆದ್ದ ಎಸ್. ರಾಜಗೋಪಾಲ್ ಅವರು ಆದಿದ್ರಾವಿಡ ಜಾತಿಯಿಂದ ಕ್ರೈಸ್ತರಾಗಿದ್ದವರು ಅನ್ನುವ ಕಾರಣಕ್ಕೆ ಆ ಗೆಲುವು ಕೋರ್ಟಿನಲ್ಲಿ ರದ್ದಾಯಿತು. 1972ರಲ್ಲಿ ಮತ್ತೆ ಗೆದ್ದರು. ಈ ಸಲ, ಅವರು ಹಿಂದೂ ಧರ್ಮಕ್ಕೆ ಮರಳಿದ್ದಾರೆ, ಜಾತಿಯವರು ಅವರನ್ನು ಒಪ್ಪಿಕೊಂಡಿದ್ದಾರೆ ಅಂತ 1975ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಗೆಲುವನ್ನು ಎತ್ತಿಹಿಡಿಯಿತು. ಅಬ್ರಹಾಮ ಸತ್ತವನನ್ನು ವಾಪಸು ಕಳಿಸಲಿಲ್ಲ. ನಮ್ಮ ಕೋರ್ಟು ಕಳಿಸಿತು, ಜಾತಿಯ ರುಜುವಾತು ಕೈಯಲ್ಲಿ ಹಿಡಿದು ಬಂದರೆ ಮಾತ್ರ. 2008ರ ಕ್ಷೇತ್ರ ಪುನರ್ವಿಂಗಡಣೆಗೆ ಮುಂಚೆ ಬಿ. ಬಸವಲಿಂಗಪ್ಪನವರು ಪ್ರತಿನಿಧಿಸಿದ ಯಲಹಂಕ ಕೂಡ ಮೀಸಲು ಕ್ಷೇತ್ರವೇ. ಅಲ್ಲಿನ ದಲಿತ ಕ್ರೈಸ್ತ ಓಟು ಹಾಕಬಹುದಿತ್ತು, ನಿಲ್ಲುವ ಹಾಗಿರಲಿಲ್ಲ.

ಇನ್ನೊಂದು ಮೊಕದ್ದಮೆ ಮದರಾಸಿನ ಸೂಸೈ ಅವರದು. ರಸ್ತೆ ಬದಿ ಕೂತು ಚಪ್ಪಲಿ ಹೊಲಿಯುತ್ತಿದ್ದ ಆದಿದ್ರಾವಿಡ. ಅಂಥವರಿಗೆ ಸರ್ಕಾರ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಟ್ಟಿತು. ಕ್ರೈಸ್ತರು ಅಂತ ಇವರಿಗೆ ಕೊಡಲಿಲ್ಲ. ಹಿಂದೂವಾಗಿದ್ದಾಗಿನ ಸಂಕಟ ಹೊಸ ಧರ್ಮದಲ್ಲೂ ಅದೇ ತೀವ್ರತೆಯಲ್ಲಿ ಮುಂದುವರಿದಿದೆ ಅಂತ ತೋರಿಸಬೇಕು, ತೋರಿಸಿಲ್ಲ, ಎಂದು ಸುಪ್ರೀಂ ಕೋರ್ಟು 1985ರಲ್ಲಿ ಅರ್ಜಿ ತಳ್ಳಿಹಾಕಿತು. ಅದೇ ರಸ್ತೆ, ಅದೇ ಉಳಿ, ಅದೇ ಚರ್ಮ. ಆದರೂ ಅವನು ದಾಟಿಹೋದವನು! ಕಂಡಿಕೆಯನ್ನು ತೆಗೆಯಬೇಕು ಅಂತ 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ವರದಿ ಕೊಟ್ಟಿತು. 2022ರಲ್ಲಿ ಅದೇ ಪ್ರಶ್ನೆಗೆ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿದರು.

6

ಹಾಗಂತ ಈ ಸಾಮ್ಯವನ್ನು ದಲಿತ ಪಠ್ಯ ಅಂತ ತಲೆ ಮೇಲೆ ಹೊತ್ತು ಮೆರೆಸೋಕೂ ನಾನು ತಯಾರಿಲ್ಲ. ಲಾಜರ ಇಡೀ ಕತೆಯಲ್ಲಿ ಬಾಯಿ ಬಿಡೋದಿಲ್ಲ. ಬಾಗಿಲಲ್ಲೂ ಮೂಕ, ಸ್ವರ್ಗದಲ್ಲೂ ಮೂಕ. ಅವನನ್ನು ಕಳಿಸಬೇಕೋ ಬೇಡವೋ ಅನ್ನುವ ಚರ್ಚೆ ಇಬ್ಬರು ದೊಡ್ಡವರ ನಡುವೆ ನಡೆಯುತ್ತೆ. ಅಬ್ರಹಾಮ ಒಳ್ಳೆಯವನೇ ಇರಬಹುದು, ಆದರೂ ಪಕ್ಕದಲ್ಲಿರುವವನನ್ನು ನೀನೇನಂತೀಯಪ್ಪಾ ಅಂತ ಕೇಳಲಿಲ್ಲ. ನಮ್ಮ ಪರವಾಗಿ ಮಾತಾಡುವವರ ಕೈಯಲ್ಲಿ ನಾವು ಅನುಭವಿಸಿದ್ದು ಇದನ್ನೇ. ಮೇಲಿನವನು ಕೆಳಗೆ, ಕೆಳಗಿನವನು ಮೇಲೆ ಅಂತ ಜಾಗ ಬದಲಾದರೆ ಸೇಡು ತೀರಬಹುದು, ಬಾಗಿಲು ಹಾಗೇ ಉಳಿಯುತ್ತೆ. ಲಾಜರನಿಗೆ ಮಾತು ಕೊಡುವ ಬರವಣಿಗೆ ನಮ್ಮಿಂದಲೇ ಆಗಬೇಕು.

ಆದರೆ ಕತೆಯ ಕೊನೆ ನಮಗೆ ಕೆಲಸಕ್ಕೆ ಬರುತ್ತೆ. ಅಲ್ಲಿ ಪರಲೋಕ ತನ್ನನ್ನು ತಾನೇ ಪಕ್ಕಕ್ಕೆ ಸರಿಸಿಕೊಳ್ಳುತ್ತೆ. ಸತ್ತವರಿಂದ ಸುದ್ದಿ ಬರೋದಿಲ್ಲ, ಬಂದರೂ ಪ್ರಯೋಜನ ಇಲ್ಲ, ಬರೆದಿಟ್ಟ ನ್ಯಾಯ ಆಗಲೇ ಕೈಯಲ್ಲಿದೆ ಅಂತ ಹೇಳಿ ಕತೆ ಮುಗಿಯುತ್ತೆ. ಅಂದರೆ ಇದು ಲಾಜರನಿಗೆ ಕೊಟ್ಟ ಸಮಾಧಾನದ ಮಾತಲ್ಲ. ಇನ್ನೂ ಬದುಕಿರುವ ಐದು ಜನಕ್ಕೆ ಕೊಟ್ಟ ನೋಟೀಸು. ನಮ್ಮ ದೇಶದಲ್ಲಿ ಅಸ್ಪೃಶ್ಯತೆ ನಿಷಿದ್ಧ ಅಂತ 17ನೇ ವಿಧಿ ಬರೆದು ಮುಗಿಸಿದ್ದಾಗಿದೆ. ಅದು ಯಾವ ಧರ್ಮದವರ ಅಸ್ಪೃಶ್ಯತೆ ಅಂತ ಕೇಳೋದಿಲ್ಲ. ಅದರ ಪಕ್ಕದಲ್ಲೇ ಮೂರನೇ ಕಂಡಿಕೆ ಧರ್ಮ ಕೇಳುತ್ತಾ ಕೂತಿದೆ. ಆ ಐದು ಜನ ಸರ್ಕಾರದಲ್ಲಿದ್ದಾರೆ, ಕೋರ್ಟಿನಲ್ಲಿದ್ದಾರೆ, ಸಭೆಯ ಆಡಳಿತ ಸಮಿತಿಗಳಲ್ಲೂ ಇದ್ದಾರೆ. ಮುಂದಿನ ಸಲ ಹೆಣದ ಮುಂದೆ ಈ ಕತೆ ಓದುವ ಅಯ್ಯನವರು ಅಳುತ್ತಾ ಕೂತವರಿಗೆ ತಾಳ್ಮೆ ಬೋಧಿಸೋದು ಬಿಟ್ಟು, ನೋಟೀಸನ್ನು ಅದು ಸೇರಬೇಕಾದ ವಿಳಾಸಕ್ಕೆ ಓದಲಿ.