‘ಮಸ್ತಿ’ ಎಂಬ ಶಬ್ದದ ಅರ್ಥವಿಚಾರ

ಸೇಡಂ, ಚಿತ್ತಾಪುರ ಸೀಮೆಯ ತಾಯಿಯು ಅಂಗಳದಲ್ಲಿ ಗದ್ದಲವೆಬ್ಬಿಸುವ ಮಕ್ಕಳನ್ನು ಕುರಿತು “ಭಾಳ ಮಸ್ತಿ ಮಾಡ್ತಾವ” ಎನ್ನುವಳು. ಇದೇ ಮಾತು ಲೇಖಕರ ಕೈಗೆ ಬಂದೊಡನೆ ‘ದುರ್ವರ್ತನೆ’ಯಾಗಿ ಮಾರ್ಪಡುವುದುಂಟು. ಮಸ್ತಿಯು ಪರಭಾಷೆಯದು, ಬರೆವಣಿಗೆಗೆ ಸಲ್ಲದು ಎಂಬುದೇ ಈ ತಿದ್ದುಪಡಿಗೆ ಕೊಡುವ ಕಾರಣ. ಇದು ಎಷ್ಟರಮಟ್ಟಿಗೆ ನಿಲ್ಲತಕ್ಕ ಕಾರಣವೆಂಬುದನ್ನು ವಾಚಕರು ವಿಚಾರಿಸಬೇಕು.

ಶಬ್ದವು ಪಾರಸಿಯದೆಂಬುದು ನಿರ್ವಿವಾದವು. ಅಲ್ಲಿ ‘ಮಸ್ತ್’ ಎಂದರೆ ಅಮಲೇರಿದವನು. ‘ಮಸ್ತಿ’ ಎಂದರೆ ಆ ಅಮಲು. ಮದವೇರಿದ ಗಂಡಾನೆಗೂ ಆ ಹೆಸರೇ ಸಂದಿತು. ಆಂಗ್ಲರು ಸಹ ಆನೆಯ ಮದಕ್ಕೆ ಈ ಶಬ್ದವನ್ನೇ ಹಿಂದೂಸ್ತಾನಿಯಿಂದ ಎತ್ತಿಕೊಂಡರು. 1347ರಲ್ಲಿ ಬಹಮನಿ ಅರಸರು ಕಲಬುರ್ಗಿಯನ್ನು ರಾಜಧಾನಿಯಾಗಿ ಮಾಡಿಕೊಂಡಂದಿನಿಂದ 1948ರಲ್ಲಿ ನಿಜಾಮರ ಆಳಿಕೆಯು ಮುಗಿಯುವವರೆಗೆ ಪಾರಸಿ, ಉರ್ದುಗಳ ಒಡನಾಟವು ನಮ್ಮ ನುಡಿಗೆ ಇದ್ದೇ ಇದ್ದಿತು.

ಆದರೆ ಅಚ್ಚಗನ್ನಡದ ‘ಸೊಕ್ಕು’ ಕೂಡ ಇದೇ ದಾರಿಯನ್ನು ನಡೆದು ಬಂದಿರುವುದು ಗಮನಾರ್ಹವಾಗಿದೆ. ಹಳಗನ್ನಡದ ‘ಸೊರ್ಕು’ ಅಮಲನ್ನೂ ಆನೆಯ ಮದವನ್ನೂ ಹೇಳಿ, ಗರ್ವದ ಅರ್ಥಕ್ಕೆ ಬಂದು ನಿಂತಿತು. ಸಂಸ್ಕೃತದ ‘ಮದ’ದ ಕಥೆಯೂ ಅದೇ. ಹಾಗಾದರೆ ಮಸ್ತಿಯ ಬದಲು ಸೊಕ್ಕು ಎಂದರೆ ಸಾಲದೆ? ಸಾಲದು. “ಅವಗ ಮಸ್ತಿ ಬಂದದ” ಎಂಬಲ್ಲಿ ಸೊಕ್ಕು ಸರಿಹೋದೀತು. ಅದು ಬೆಳೆದವನ ಅಹಂಕಾರ. “ಮಸ್ತಿ ಮಾಡ್ತಾವ” ಎಂಬಲ್ಲಿ ಅದು ಹೊಂದದು. ಇದು ಮಕ್ಕಳ ತುಂಟಾಟ. ಬರುವ ಮಸ್ತಿ ಬೇರೆ, ಮಾಡುವ ಮಸ್ತಿ ಬೇರೆ. ಕ್ರಿಯಾಪದವೊಂದೇ ಬೈಗುಳನ್ನು ಮುದ್ದಿನಿಂದ ಬೇರ್ಪಡಿಸುತ್ತದೆ.

‘ದುರ್ವರ್ತನೆ’ಯಲ್ಲಿ ಈ ಭೇದವೆಲ್ಲ ಅಳಿದುಹೋಗುವುದು. ತಾಯಿಯ ಗದರಿಕೆಯು ನ್ಯಾಯಾಧೀಶನ ತೀರ್ಪಾಗಿ, ಆಡುವ ಮಗುವು ಅಪರಾಧಿಯಂತೆ ನಿಲ್ಲಬೇಕಾಗುತ್ತದೆ. ಕಥೆಯಲ್ಲಾದರೆ ಇದು ಪಾತ್ರಕ್ಕೆ ಮಾಡಿದ ಅನ್ಯಾಯ. ಶಾಲೆಯ ದಾಖಲೆಯಲ್ಲಾದರೆ ಜೀವಂತ ಮಗುವಿಗೆ ಮಾಡಿದ್ದು.

ಇದೇ ಸೀಮೆಯ ಮಳಖೇಡವು ರಾಜಧಾನಿಯಾಗಿದ್ದ ಕಾಲಕ್ಕೆ, ನೃಪತುಂಗನ ಆಸ್ಥಾನದಲ್ಲಿ ಸುಮಾರು 850ರಲ್ಲಿ ಮೂಡಿದ ‘ಕವಿರಾಜಮಾರ್ಗ’ವು, ಕನ್ನಡದ್ದೇ ಆದ ಹಳೆಯ ಶಬ್ದಗಳನ್ನು ಸಹ ಹೊಂದದೆಡೆಯಲ್ಲಿ ತಂದಿಡುವುದನ್ನು ಹಳಿದಿದೆ. ಶಬ್ದಕ್ಕೆ ಹುಟ್ಟಿಗಿಂತ ಹೊಂದಿಕೆಯೇ ಮುಖ್ಯವೆಂಬುದು ಇದರಿಂದ ನಾವು ಕಲಿಯತಕ್ಕ ಪಾಠ. ಆದುದರಿಂದ ಮಕ್ಕಳ ಮಸ್ತಿಯನ್ನು ಮಸ್ತಿಯೆಂದೇ ಬರೆಯೋಣ. ದುರ್ವರ್ತನೆಯೆಂಬ ಶಬ್ದವು ಅದಕ್ಕೆ ಪಾತ್ರರಾದ ಹಿರಿಯರಿಗೆ ಮೀಸಲಾಗಿರಲಿ.