ತಳ ಕಾಣದ ಗೋಡೆ

ಮಲೇಷ್ಯಾದ ಸಬಾ ರಾಜ್ಯದ ಸಿಪಡಾನ್ ದ್ವೀಪದಲ್ಲಿ ದಡದಿಂದ ನಾಲ್ಕು ಹೆಜ್ಜೆ ಈಜಿದರೆ ಸಾಕು, ಕೆಳಗಿನ ನೆಲ ಮುಗಿದೇ ಹೋಗಿ, ಹವಳದ ಗೋಡೆ ನೇರ ಆಳಕ್ಕಿಳಿಯುತ್ತದೆ. ಆರಿದ ಜ್ವಾಲಾಮುಖಿಯ ನೆತ್ತಿಯ ಮೇಲೆ ಹವಳ ಬೆಳೆದು ಆದ ದ್ವೀಪವಿದು. ಸಮುದ್ರದ ತಳದಿಂದ ಸುಮಾರು 600 ಮೀಟರ್ ಎತ್ತರ. ಹವ್ಯಾಸಿ ಸ್ಕೂಬಾ ಡೈವರ್‌ಗಳಿಗೆ ದಕ್ಕುವುದು ಮೇಲಿನ 40 ಮೀಟರ್ ಮಾತ್ರ. ಅದೇ ಬೇಕಾದಷ್ಟಾಯಿತು.

ಇಲ್ಲಿ ಕಸುಬೆಲ್ಲ ಇರುವುದು ಉಸಿರಿನಲ್ಲಿ. ಕೆಳಗೆ ಮರಳಿಲ್ಲ, ಇಳಿಯುತ್ತ ಹೋದರೆ ತಡೆಯುವುದೇನೂ ಇಲ್ಲ. ಆಳ ಹೆಚ್ಚಿದಂತೆ, ಡೈವರ್ ತೊಟ್ಟ ತೇಲುವ ಜಾಕೆಟ್ಟಿನ ಗಾಳಿ ಒತ್ತಡಕ್ಕೆ ಕುಗ್ಗಿ, ಮುಳುಗುವ ವೇಗ ಏರುತ್ತದೆ. ಪಳಗಿದವರು ಅದಕ್ಕೆ ಚೂರು ಗಾಳಿ ತುಂಬಿ, ಉಳಿದದ್ದನ್ನು ಶ್ವಾಸಕ್ಕೆ ಬಿಡುತ್ತಾರೆ: ಎಳೆದುಕೊಂಡರೆ ಗೇಣು ಮೇಲೆ, ಬಿಟ್ಟರೆ ಗೇಣು ಕೆಳಗೆ. ಉಸಿರು ಕಟ್ಟುವಂತಿಲ್ಲ, ಮೇಲೇರುವಾಗ ಕಟ್ಟಿದರೆ ಶ್ವಾಸಕೋಶಕ್ಕೇ ಕುತ್ತು. ಕೈ ಬಡಿಯುವವರು ಹೊಸಬರು. ಬಲ್ಲವರು ಕೈಕಟ್ಟಿಕೊಂಡು, ರೈಲಿನ ಕಿಟಕಿ ಪಕ್ಕ ಕೂತವರ ಹಾಗೆ, ಪ್ರವಾಹ ಒಯ್ದತ್ತ ಗೋಡೆ ನೋಡುತ್ತ ಸಾಗುತ್ತಾರೆ.

20 ಮೀಟರ್ ಆಳದಲ್ಲಿ ಕೆಂಪು ಬಣ್ಣವನ್ನು ನೀರೇ ನುಂಗಿರುತ್ತದೆ. ಗೋಡೆಯಿಂದ ಚಾಚಿಕೊಂಡ ಬೀಸಣಿಗೆ ಹವಳ ಮಂಕು ಬೂದು. ಟಾರ್ಚ್ ಹಾಕಿ ನೋಡಿ, ಕಡುಗೆಂಪು! ಅದು ಹರಡಿಕೊಂಡಿರುವುದೂ ಪ್ರವಾಹಕ್ಕೆ ಅಡ್ಡಲಾಗಿಯೇ. ತೇಲಿಬರುವ ಆಹಾರ ತಾನಾಗಿ ಬಂದು ಸಿಕ್ಕಿಕೊಳ್ಳಬೇಕಲ್ಲ. ಮೇಲೆ ಬರುವ ಮುನ್ನ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವುದು ರೂಢಿ. ಬೇರೆಡೆ ಬೇಸರದ ಆ ಕೆಲಸ ಇಲ್ಲಿ ಗೋಡೆಯ ಅಂಚಿನಲ್ಲೇ, ಹಸಿರಾಮೆಗಳ ಸಂಗಡ ನಡೆಯುತ್ತದೆ.

ದ್ವೀಪದಲ್ಲಿದ್ದ ರೆಸಾರ್ಟ್‌ಗಳನ್ನು ಸರ್ಕಾರ 2004ರಲ್ಲಿ ಎತ್ತಿಸಿತು. ಈಗ ದಿನಕ್ಕೆ ಇಷ್ಟೇ ಜನ ಎಂಬ ಲೆಕ್ಕದಲ್ಲಿ ಪರವಾನಗಿ. ಸಿಗದವರು ಗೊಣಗುತ್ತಾರೆ, ಗೊಣಗಲಿ. ಡೈವರ್ ಕಾಲಿನ ಫಿನ್ ಒಂದು ತಾಗಿದರೆ ವರ್ಷಗಟ್ಟಲೆ ಬೆಳೆದ ಹವಳ ಮುರಿದುಬೀಳುತ್ತದೆ.