ಇಲ್ಲದ ಜಲಸಂಧಿ

ಎಯ್ನಾರ್ ಮಿಕ್ಕೆಲ್ಸೆನ್ನನ ‘ಲಾಸ್ಟ್ ಇನ್ ದಿ ಆರ್ಕ್ಟಿಕ್’ (1913) ಗ್ರಂಥವನ್ನು ಸಾಹಸಕಥನವೆಂದು ಓದುವವರೇ ಹೆಚ್ಚು. ಗ್ರೀನ್‌ಲೆಂಡಿನ ಈಶಾನ್ಯ ಕರಾವಳಿಯ ಹಿಮ, ಹಸಿವು, ಇಬ್ಬರೇ ಕಳೆದ ಚಳಿಗಾಲಗಳು ಎಲ್ಲವೂ ಅಲ್ಲಿವೆ. ಆದರೆ ಅದರ ನಿಜವಾದ ವಸ್ತು ಬೇರೆ: ನಕ್ಷೆಯ ಮಾತಿಗೆ ಎಷ್ಟು ಪ್ರಾಮಾಣ್ಯ ಸಲ್ಲಬೇಕು?

1892ರಲ್ಲಿ ಅಮೆರಿಕದ ರಾಬರ್ಟ್ ಪಿಯರಿ ಎತ್ತರದ ಬಂಡೆಯೊಂದರಿಂದ ನೋಡಿ, ಉತ್ತರದ ನೆಲವನ್ನು ಗ್ರೀನ್‌ಲೆಂಡಿನಿಂದ ಜಲಸಂಧಿಯೊಂದು ಬೇರ್ಪಡಿಸಿದೆಯೆಂದು ತೀರ್ಮಾನಿಸಿದ. ನಮ್ಮ ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ, ಪ್ರತ್ಯಕ್ಷವಾದದ್ದು ಸ್ವಲ್ಪ, ಮಿಕ್ಕದ್ದು ಅನುಮಾನ. ನಕ್ಷೆಯಲ್ಲಿ ಹೆಸರು ಬಿದ್ದೊಡನೆ ಅನುಮಾನವೇ ಪ್ರತ್ಯಕ್ಷದ ವೇಷ ತೊಟ್ಟಿತು.

1907ರಲ್ಲಿ ಡೆನ್ಮಾರ್ಕಿನ ಮ್ಯೂಲಿಯಸ್-ಎರಿಕ್ಸೆನ್, ನಕ್ಷೆಗಾರ ಹಾಗೆನ್ ಮತ್ತು ಗ್ರೀನ್‌ಲೆಂಡಿನವನೇ ಆದ ಬ್ರೋನ್‌ಲುಂಡ್ ಅಲ್ಲಿಗೆ ಹೋದರು. ತೀರವು ನಕ್ಷೆ ಹೇಳಿದ್ದಕ್ಕಿಂತ ಬಹುದೂರ ಪೂರ್ವಕ್ಕೆ ಚಾಚಿತ್ತು. ದಾರಿ ತಪ್ಪಿ ಡೆನ್ಮಾರ್ಕ್ ಫಿಯೋರ್ಡನ್ನು ಹೊಕ್ಕು ದಿನ ಕಳೆದರು. ಮೂವರೂ ಹಿಂದಿರುಗಲಿಲ್ಲ. ಕೊನೆಗೆ ಉಳಿದ ಬ್ರೋನ್‌ಲುಂಡ್, ಹಿಮದಿಂದ ಕೆಟ್ಟ ಕಾಲುಗಳಲ್ಲೇ ಹಾಗೆನ್ನನ ನಕ್ಷೆಗಳನ್ನು ಆಹಾರದ ದಾಸ್ತಾನಿದ್ದೆಡೆಗೆ ತಂದು ಅಲ್ಲೇ ಅಸುನೀಗಿದ. 1908ರಲ್ಲಿ ಅವು ಅವನ ದಿನಚರಿಯೊಡನೆ ದೊರೆತವು. ತಾಯ್ನುಡಿಯಲ್ಲಿ ದಿನಚರಿ ಬರೆಯುತ್ತಿದ್ದವನು ಕೊನೆಯ ಪುಟವನ್ನು ಡೇನಿಷ್ ಭಾಷೆಯಲ್ಲಿ ಬರೆದ. ಹುಡುಕಿ ಬರುವವರಿಗೆ ತಿಳಿಯಲೆಂದೇ ಅಲ್ಲವೆ? ಅದರಲ್ಲಿ ಗೋಳಾಟವಿಲ್ಲ. ತಾನೇಕೆ ಮುಂದೆ ಹೋಗಲಾರೆ, ಸಂಗಾತಿಗಳ ದೇಹಗಳೆಲ್ಲಿವೆ ಎಂಬುದಷ್ಟೇ ಇದೆ.

ಅವರ ಉಳಿದ ಬರಹಗಳನ್ನು ಅರಸಿ 1909ರಲ್ಲಿ ಹೊರಟವನು ಮಿಕ್ಕೆಲ್ಸೆನ್. 1910ರಲ್ಲಿ ಅವನಿಗೂ ಇವರ್ಸೆನ್ನನಿಗೂ ಕಲ್ಲುಗುಪ್ಪೆಯೊಂದರಲ್ಲಿ ಮ್ಯೂಲಿಯಸ್-ಎರಿಕ್ಸೆನ್ನನ ಪತ್ರ ಸಿಕ್ಕಿತು: ಜಲಸಂಧಿಯಿಲ್ಲ. ಹಿಂದಿರುಗಿದಾಗ ಹಡಗು ಒಡೆದಿತ್ತು. ಜೊತೆಗಾರರು ಊರಿಗೆ ಮರಳಿದ್ದರು. 1912ರವರೆಗೆ ಇವರನ್ನು ಕೊಂಡೊಯ್ಯುವವರಿರಲಿಲ್ಲ. ಅದೇ ವರ್ಷ ಪಶ್ಚಿಮದಿಂದ ಬಂದ ರಾಸ್ಮುಸ್ಸೆನ್, ಫ್ರಾಯ್ಕೆನ್ ಜೋಡಿಯೂ ಜಲಸಂಧಿಯಿಲ್ಲವೆಂದು ಕಂಡುಕೊಂಡಿತು.

ಹಾಗಾದರೆ ಇಷ್ಟು ಕಷ್ಟ ವ್ಯರ್ಥವೆ? ನಾನು ಹಾಗೆನ್ನಲಾರೆ. ‘ಇದೆ’ ಎನ್ನಲು ಒಂದು ನೋಟ ಸಾಕಾಯಿತು. ‘ಇಲ್ಲ’ ಎನ್ನಲು ಕಾಲಿಟ್ಟು ನಡೆಯಬೇಕಾಯಿತು. ಮಿಕ್ಕೆಲ್ಸೆನ್ನನ ಗ್ರಂಥದ ಬೆಲೆ ಇರುವುದು ಈ ಎರಡರ ಅಂತರದಲ್ಲಿ. ಸಾಹಸಕ್ಕಾಗಿ ಓದಿದವರು ಇನ್ನೊಮ್ಮೆ, ನಕ್ಷೆಯನ್ನು ಮುಂದಿಟ್ಟುಕೊಂಡು ಓದಲಿ. ಅಲ್ಲಿ ಪಿಯರಿಯ ಜಲಸಂಧಿ ಈಗ ಇಲ್ಲ. ಬ್ರೋನ್‌ಲುಂಡನ ಹೆಸರಿನ ಫಿಯೋರ್ಡೊಂದು ಇದೆ.